ಉಳಿಯುವ ಚರ್ಮ, ಕಳಚುವ ಚರ್ಮ: ಮಾಯದ ಗಾಯಕ್ಕೆ ಯಾವುದು ಸರಿ?

ತಿಂಗಳುಗಟ್ಟಲೆ ಡ್ರೆಸ್ಸಿಂಗ್ ಮಾಡಿಸಿದರೂ ಗಾಯ ಮಾಯುತ್ತಿಲ್ಲ. ಒಂದು ದಿನ ಡಾಕ್ಟರು "ಸ್ಕಿನ್ ಸಬ್‌ಸ್ಟಿಟ್ಯೂಟ್ ಹಾಕಿ ನೋಡೋಣ" ಅನ್ನುತ್ತಾರೆ. ಕೊಲಾಜನ್ ಶೀಟು, ಆಮ್ನಿಯಾನ್ ಪೊರೆ, ಮೀನಿನ ಚರ್ಮ, ಲ್ಯಾಬಿನಲ್ಲಿ ಬೆಳೆಸಿದ ಚರ್ಮ ಅಂತ ಮೂರ್ನಾಲ್ಕು ಹೆಸರು ಕಿವಿಗೆ ಬೀಳುತ್ತವೆ. ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಯಾವುದು ದುಬಾರಿಯೋ ಅದೇ ಒಳ್ಳೆಯದಿರಬೇಕು ಅನ್ನಿಸಿಬಿಡುತ್ತದೆ.

ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. "ಚರ್ಮದ ಬದಲಿ" ಅನ್ನುವ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಇವುಗಳಲ್ಲಿ ಹೆಚ್ಚಿನವು ನಿಮ್ಮ ಚರ್ಮವಾಗಿ ಉಳಿಯುವುದೇ ಇಲ್ಲ. ಕೆಲವು ದಿನ ಅಥವಾ ಕೆಲವು ವಾರ ಗಾಯವನ್ನು ಕಾಯುತ್ತವೆ, ಒಳಗಿನ ಬೆಳವಣಿಗೆಗೆ ಒತ್ತಾಸೆಯಾಗುತ್ತವೆ, ಆಮೇಲೆ ಕರಗುತ್ತವೆ ಅಥವಾ ಕಳಚಿಕೊಳ್ಳುತ್ತವೆ. ಕೆಲವೇ ಕೆಲವು ಉಳಿಯುತ್ತವೆ. ಹಾಗಾಗಿ ಯಾವ ಹೆಸರು ಕೇಳಿಸಿದರೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ಇದು ಉಳಿಯುತ್ತಾ, ಹೋಗುತ್ತಾ? ಎರಡನೆಯದು ಅದರ ಬೆನ್ನಿಗೇ ಬರುತ್ತದೆ. ಈ ಗಾಯದಲ್ಲಿ ಹೋಗಿರುವುದು ಯಾವ ಪದರ?

ಹೋಗಿರುವುದು ಏನು?

ನಮ್ಮ ಚರ್ಮಕ್ಕೆ ಮುಖ್ಯವಾಗಿ ಎರಡು ಪದರ. ಮೇಲಿನದು ಎಪಿಡರ್ಮಿಸ್, ತೆಳ್ಳಗಿನ ಹೊರಚರ್ಮ. ನೀರು ಆರದಂತೆ, ಕ್ರಿಮಿ ಒಳಗೆ ಬರದಂತೆ ತಡೆಯುವುದು ಇದು. ಅದರ ಕೆಳಗೆ ಡರ್ಮಿಸ್, ದಪ್ಪನೆಯ ಒಳಚರ್ಮ. ಚರ್ಮಕ್ಕೆ ಗಟ್ಟಿತನ ಮತ್ತು ಹಿಗ್ಗುವ ಗುಣ ಬರುವುದು ಇದರಿಂದ. ಕೂದಲಿನ ಬೇರು, ಬೆವರಿನ ಗ್ರಂಥಿ ಇಳಿದಿರುವುದೂ ಇದರೊಳಗೇ.

ಹೊರಚರ್ಮಕ್ಕೆ ಮತ್ತೆ ಬೆಳೆಯುವ ಶಕ್ತಿ ಇದೆ. ಮೊಣಕಾಲು ತರಚಿದರೆ ವಾರದಲ್ಲಿ ಹಕ್ಕಳೆ ಉದುರಿ ಹೊಸ ಚರ್ಮ ಬರುತ್ತದಲ್ಲ, ಹಾಗೆ. ಕೂದಲಿನ ಬೇರಿನ ಸುತ್ತ ಉಳಿದಿರುವ ಕೋಶಗಳಿಂದಲೇ ಅದು ಹಬ್ಬುತ್ತದೆ. ಗಾಯ ಒಳಚರ್ಮದ ತಳದವರೆಗೂ ಹೋಗಿದ್ದರೆ ಈ ಬೇರುಗಳೂ ಹೋಗಿರುತ್ತವೆ. ಆಗ ಹೊಸ ಚರ್ಮ ಗಾಯದ ಅಂಚಿನಿಂದ ಮಾತ್ರ ತೆವಳಿಕೊಂಡು ಬರಬೇಕು. ಅಗಲವಾದ ಗಾಯದಲ್ಲಿ ಅದು ನಡುವಿನವರೆಗೆ ಬರುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ, ಎಷ್ಟೋ ಸಲ ಬರುವುದೇ ಇಲ್ಲ. ಒಳಚರ್ಮವಂತೂ ಮೊದಲಿನಂತೆ ಮರಳುವುದಿಲ್ಲ. ಆ ಜಾಗದಲ್ಲಿ ಬರುವುದು ಗಡಸು ಕಲೆ. ಅದು ಜಗ್ಗುತ್ತದೆ, ಕುಗ್ಗುತ್ತದೆ, ಕೀಲಿನ ಮೇಲಿದ್ದರೆ ಕೀಲನ್ನೇ ಮಡಚಿ ಹಿಡಿಯುತ್ತದೆ.

ಮೇಲ್ಪದರ ಮಾತ್ರ ಹೋಗಿದ್ದರೆ ಕಾಯುವ ಹೊದಿಕೆ ಸಾಕು. ಒಳಚರ್ಮವೂ ಹೋಗಿದ್ದರೆ ಉಳಿಯುವಂಥದ್ದು ಏನಾದರೂ ಬೇಕು. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಮೊದಲು ನೆಲ ಹದವಾಗಲಿ

ಹದ ಮಾಡದ ನೆಲಕ್ಕೆ ಎಷ್ಟು ಒಳ್ಳೆಯ ಬೀಜ ಎರಚಿದರೇನು? ಗಾಯದ ತಳವೂ ಹಾಗೇ. ಮಾರ್ಗದರ್ಶಿಗಳಲ್ಲಿ ಈ ಭಾಗವನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಮಾತ್ರ ಹೊದಿಕೆಯ ಆಯ್ಕೆಗಿಂತ ಇದೇ ದೊಡ್ಡದು.

ಮೊದಲನೆಯದು ರಕ್ತ. ಕಾಲಿನ ಹುಣ್ಣಾದರೆ ಕಣಕಾಲಿನ ರಕ್ತದೊತ್ತಡವನ್ನು ತೋಳಿನದರ ಜೊತೆ ಹೋಲಿಸಿ ನೋಡುವ ಸರಳ ಪರೀಕ್ಷೆ ಇದೆ. ಕಣಕಾಲಿನದನ್ನು ತೋಳಿನದರಿಂದ ಭಾಗಿಸಿ ಬಂದ ಅಂಕಿ 0.9ಕ್ಕಿಂತ ಕಡಿಮೆ ಇದ್ದರೆ ಕಾಲಿಗೆ ಹೋಗುವ ರಕ್ತನಾಳ ಕಿರಿದಾಗಿದೆ ಅಂತ ಲೆಕ್ಕ. ಸಕ್ಕರೆ ಕಾಯಿಲೆ ಇರುವವರಲ್ಲಿ ಒಂದು ಮೋಸ ಇದೆ. ರಕ್ತನಾಳದ ಗೋಡೆಗೆ ಸುಣ್ಣ ಕಟ್ಟಿ ಗಡಸಾಗಿರುತ್ತದೆ, ಅಂಕಿ ಸುಳ್ಳಾಗಿ ಜಾಸ್ತಿ ತೋರಿಸುತ್ತದೆ. ಅವರಿಗೆ ಹೆಬ್ಬೆರಳಿನ ಒತ್ತಡ ಅಳೆಯುವುದು ಹೆಚ್ಚು ನಂಬಿಕೆಯದು. ರಕ್ತವೇ ಬಾರದ ಕಾಲಿಗೆ ಜಗತ್ತಿನ ಯಾವ ಹೊದಿಕೆಯೂ ಹತ್ತುವುದಿಲ್ಲ. ಮೊದಲು ರಕ್ತನಾಳದ ಸರ್ಜನ್ ಬಳಿ ಹೋಗಬೇಕು.

ಎರಡನೆಯದು ಸೋಂಕು ಮತ್ತು ಸತ್ತ ಮಾಂಸ. ಸತ್ತದ್ದನ್ನು ಕತ್ತರಿಸಿ ತೆಗೆಯಲೇಬೇಕು. ಸ್ಟ್ರೆಪ್ಟೊಕಾಕಸ್ ಅನ್ನುವ ಕ್ರಿಮಿಯ ಕೆಲವು ಜಾತಿಗಳಂತೂ ಹಾಕಿದ ಗ್ರಾಫ್ಟನ್ನು, ಅಂದರೆ ಕಸಿ ಚರ್ಮವನ್ನು, ರಾತ್ರೋರಾತ್ರಿ ಕರಗಿಸಿಬಿಡಬಲ್ಲವು. ಮೂಳೆಗೆ ಸೋಂಕು ತಗುಲಿದೆಯಾ ಅನ್ನುವುದೂ ಮೊದಲೇ ತಿಳಿಯಬೇಕು. ಒಳಗೆ ಕೀವಿಟ್ಟುಕೊಂಡು ಮೇಲೆ ಮುಚ್ಚಿದರೆ ಅದು ಇನ್ನೊಂದು ಕಡೆ ಒಡೆದುಕೊಂಡು ಬರುತ್ತದೆ.

ಮೂರನೆಯದು ಭಾರ ಮತ್ತು ಊತ. ಅಂಗಾಲಿನ ಹುಣ್ಣಿನ ಮೇಲೆ ದಿನವಿಡೀ ನಡೆದರೆ ಅದು ಮಾಯುವುದು ಹೇಗೆ? ಭಾರ ಬೀಳದಂತೆ ಹಾಕುವ ವಿಶೇಷ ಪ್ಲಾಸ್ಟರ್ ಅಥವಾ ಬೂಟು ನೋಡಲು ಸಾಮಾನ್ಯ, ಕೆಲಸ ದೊಡ್ಡದು. ವೆರಿಕೋಸ್ ವೇನ್‌ನಿಂದ ಬಂದ ಕಣಕಾಲಿನ ಹುಣ್ಣಿಗೆ ಬಿಗಿಯಾದ ಬ್ಯಾಂಡೇಜ್ ಸುತ್ತುವುದೇ ಮೂಲ ಚಿಕಿತ್ಸೆ. ಅದನ್ನೂ ಕಾಲಿಗೆ ರಕ್ತ ಸರಿಯಾಗಿ ಬರುತ್ತಿದೆ ಅಂತ ನೋಡಿಕೊಂಡೇ ಸುತ್ತಬೇಕು.

ಇದೆಲ್ಲ ಸರಿಯಾಗಿ ನಡೆದರೆ ಎಷ್ಟೋ ಗಾಯಗಳು ಸುಮ್ನೆ ಮಾಯುತ್ತವೆ. ಅದನ್ನು ಅಳೆಯಲು ವೈದ್ಯರು ಬಳಸುವ ಒಂದು ಒರೆಗಲ್ಲು ಇದೆ, ಮುಖ್ಯವಾಗಿ ಸಕ್ಕರೆ ಕಾಯಿಲೆಯ ಪಾದದ ಹುಣ್ಣಿಗೆ. 4 ವಾರ ಒಳ್ಳೆಯ ಆರೈಕೆ ಮಾಡಿದ ಮೇಲೆ ಹುಣ್ಣಿನ ವಿಸ್ತಾರ ಅರ್ಧದಷ್ಟಾದರೂ ಇಳಿದಿದೆಯಾ? ಉದ್ದ 4, ಅಗಲ 3 ಸೆಂಟಿಮೀಟರ್ ಇದ್ದ ಹುಣ್ಣು ಅಂದರೆ ಸುಮಾರು 12. ಅದು 6ಕ್ಕೆ ಬಂದಿದ್ದರೆ ಅದೇ ದಾರಿಯಲ್ಲಿ ಮುಂದುವರಿಯಿರಿ. ಬಂದಿಲ್ಲವಾದರೆ ಹೊದಿಕೆಯ ಮಾತು ತೆಗೆಯುವ ಹೊತ್ತು. ಮೊದಲ ದಿನದಿಂದಲೇ ಅಳತೆ ಬರೆದಿಟ್ಟಿರದಿದ್ದರೆ ಈ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಹಾಗಾಗಿ ಅಳತೆಪಟ್ಟಿ ಇಟ್ಟು ಒಂದು ಫೋಟೊ ತೆಗೆದಿಡಿ.

ನಿಮ್ಮದೇ ಚರ್ಮ

ಉಳಿದ ಎಲ್ಲವನ್ನೂ ಹೋಲಿಸುವುದು ಇದರ ಜೊತೆಗೇ. ತೊಡೆಯಿಂದಲೋ ಬೇರೆ ಕಡೆಯಿಂದಲೋ ತೆಳುವಾಗಿ ಚರ್ಮ ಹೆರೆದು ಗಾಯದ ಮೇಲೆ ಹಾಕುತ್ತಾರೆ. ಇದು ಸ್ಕಿನ್ ಗ್ರಾಫ್ಟ್, ಚರ್ಮದ ಕಸಿ. ದೇಹ ಇದನ್ನು ತಿರಸ್ಕರಿಸುವುದಿಲ್ಲ, ಹತ್ತಿಕೊಂಡರೆ ಕೊನೆತನಕ ಉಳಿಯುತ್ತದೆ. ತೆಳುವಾಗಿ ತೆಗೆದರೆ ತೆಗೆದ ಜಾಗ ಎರಡು ವಾರದ ಆಸುಪಾಸಿನಲ್ಲಿ ತಾನಾಗಿ ಮಾಯುತ್ತದೆ. ಅಲ್ಲಿಯವರೆಗೆ ಗಾಯಕ್ಕಿಂತ ಆ ಜಾಗವೇ ಜಾಸ್ತಿ ಉರಿಯುತ್ತದೆ. ಈ ಮಾತನ್ನು ಯಾರೂ ಮೊದಲೇ ಹೇಳುವುದಿಲ್ಲ.

ತೆಳು ಗ್ರಾಫ್ಟ್ ಬೇಗ ಹತ್ತುತ್ತದೆ, ಆದರೆ ಮುಂದೆ ಹೆಚ್ಚು ಕುಗ್ಗುತ್ತದೆ. ಪೂರ್ತಿ ದಪ್ಪದ ಗ್ರಾಫ್ಟ್ ಕಡಿಮೆ ಕುಗ್ಗುತ್ತದೆ, ನೋಡಲೂ ಚೆಂದ. ಆದರೆ ತೆಗೆದ ಜಾಗಕ್ಕೆ ಹೊಲಿಗೆ ಹಾಕಬೇಕು, ದೊಡ್ಡ ತುಂಡು ಸಿಗುವುದಿಲ್ಲ. ಹಾಗಾಗಿ ಮುಖ, ಬೆರಳಿನಂಥ ಕಡೆಗೆ ಅದು. ಚರ್ಮ ಸಾಲದಿದ್ದರೆ ಮೆಷಿನ್ನಿನಲ್ಲಿ ಸಣ್ಣ ಸೀಳುಗಳನ್ನು ಕೊಟ್ಟು ಬಲೆಯಂತೆ ಹಿಗ್ಗಿಸುತ್ತಾರೆ. ಒಂದೂವರೆ ಪಟ್ಟು, ಮೂರು ಪಟ್ಟು, ಇನ್ನೂ ಹೆಚ್ಚು. ಬಲೆಯ ಕಣ್ಣು ಅಗಲವಾದಷ್ಟೂ ಮಾಯುವುದು ತಡ. ಆ ಬಲೆಯ ಗುರುತು ಚರ್ಮದ ಮೇಲೆ ಉಳಿದೂಬಿಡುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವಲ್ಲ, ಸುಟ್ಟ ಗಾಯದ ವಾರ್ಡಿನಲ್ಲಿ ಅದು ಅಕ್ಷರಶಃ ನಿಜ. ಮೈಯ ಅರ್ಧಕ್ಕಿಂತ ಹೆಚ್ಚು ಸುಟ್ಟವರಲ್ಲಿ ತೆಗೆಯಲು ಚರ್ಮವೇ ಎಲ್ಲಿ? ಮೂಳೆ, ಅಥವಾ ಮಾಂಸಖಂಡವನ್ನು ಮೂಳೆಗೆ ಕಟ್ಟುವ ಟೆಂಡನ್ ಬರಿದಾಗಿ ಕಾಣುತ್ತಿದ್ದರೆ ಗ್ರಾಫ್ಟ್ ಹತ್ತುವುದಿಲ್ಲ. ಮೊದಲ ಒಂದೆರಡು ದಿನ ಗ್ರಾಫ್ಟ್ ಬದುಕುವುದು ತಳದಿಂದ ಒಸರುವ ರಸ ಹೀರಿಕೊಂಡು. ಆಮೇಲೆ ತಳದ ಸಣ್ಣ ರಕ್ತನಾಳಗಳು ಅದಕ್ಕೆ ಕೂಡಿಕೊಳ್ಳುತ್ತವೆ. ಬರೀ ಮೂಳೆಯಲ್ಲಿ ಅದು ಆಗದು. ಬದಲಿಗಳಿಗೆ ಕೆಲಸ ಸಿಗುವುದು ಇಂಥ ಕಡೆ. ಆಪರೇಷನ್ ತಡೆಯಲಾರದವರಿಗೂ, ಚರ್ಮ ತೆಗೆದ ಜಾಗವೇ ಮಾಯದೆ ಇನ್ನೊಂದು ಹುಣ್ಣಾಗುವ ಭಯ ಇರುವವರಿಗೂ ಅವು ಬೇಕಾಗುತ್ತವೆ. ಇವ್ಯಾವೂ ಇಲ್ಲ, ತಳ ಕೆಂಪಗೆ ಚೆನ್ನಾಗಿದೆ, ಚರ್ಮವೂ ಇದೆ ಅಂದರೆ ಬೇರೆ ಕಡೆ ಹುಡುಕುವ ಅಗತ್ಯವೇ ಇಲ್ಲ.

ಬಂದು ಹೋಗುವ ಹೊದಿಕೆಗಳು

ಸತ್ತ ಮೇಲೆ ದಾನ ಮಾಡಿದವರ ಚರ್ಮ ಇವುಗಳಲ್ಲಿ ಮೊದಲನೆಯದು. ಸ್ಕಿನ್ ಬ್ಯಾಂಕಿನಲ್ಲಿ ಎಚ್‌ಐವಿ, ಹೆಪಟೈಟಿಸ್‌ನಂಥ ಸೋಂಕು ಪರೀಕ್ಷಿಸಿ, ಗ್ಲಿಸರಾಲ್‌ನಲ್ಲಿ ಅಥವಾ ತೀರಾ ತಣ್ಣಗೆ ಹೆಪ್ಪುಗಟ್ಟಿಸಿ ಇಡುತ್ತಾರೆ. ರಕ್ತದ ಗುಂಪು ಹೊಂದಬೇಕೆಂದಿಲ್ಲ. ದೊಡ್ಡ ಸುಟ್ಟ ಗಾಯದಲ್ಲಿ ಇದಕ್ಕೆ ಸಮನಾದ ತಾತ್ಕಾಲಿಕ ಹೊದಿಕೆ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಜೀವಂತ ಕೋಶ ಇರುವ ಚರ್ಮವಾದರೆ ರಕ್ತನಾಳವೂ ಕೂಡಿಕೊಂಡು ನಿಜವಾದ ಗ್ರಾಫ್ಟಿನಂತೆ ಹತ್ತುತ್ತದೆ. ಕೆಲವು ವಾರ ಕಳೆದ ಮೇಲೆ ದೇಹ ಅದನ್ನು ಬೇರೆಯವರದ್ದು ಅಂತ ಗುರುತಿಸಿ ಕಳಚುತ್ತದೆ. ಅಷ್ಟರಲ್ಲಿ ರೋಗಿಯ ಜೀವ ಉಳಿದಿರುತ್ತದೆ, ಮೊದಲು ಚರ್ಮ ತೆಗೆದ ಜಾಗ ಮಾಯ್ದು ಮತ್ತೆ ತೆಗೆಯಲು ಸಿದ್ಧವಾಗಿರುತ್ತದೆ. ಇನ್ನೊಂದು ಉಪಯೋಗ ನನಗೆ ಬಹಳ ಇಷ್ಟ. ದಾನದ ಚರ್ಮ ಚೆನ್ನಾಗಿ ಹತ್ತಿದರೆ ತಳ ಸಿದ್ಧವಾಗಿದೆ, ಸ್ವಂತ ಚರ್ಮ ಹಾಕಬಹುದು ಅಂತ ಅರ್ಥ. ಹತ್ತದಿದ್ದರೆ ನಿಮ್ಮ ಚರ್ಮ ದಂಡವಾಗುವುದು ತಪ್ಪಿತು.

ಹಂದಿಯ ಚರ್ಮ ಹೀಗೆ ಹತ್ತುವುದಿಲ್ಲ. ಗಾಯಕ್ಕೆ ಅಂಟಿಕೊಂಡು ಕಾಯುತ್ತದೆ, ಒಣಗಿ ಬಿದ್ದುಹೋಗುತ್ತದೆ. ಮೇಲ್ಮೈಯ ಸುಟ್ಟ ಗಾಯಕ್ಕೆ ಅಷ್ಟು ಸಾಕು.

ಮೀನಿನ ಚರ್ಮ ಈಚಿನದು. ಬ್ರೆಜಿಲ್‌ನ ಫೋರ್ಟಲೇಜಾದಲ್ಲಿ ತಿಲಾಪಿಯಾ ಮೀನಿನ ಚರ್ಮವನ್ನು ಸುಟ್ಟ ಗಾಯಕ್ಕೆ ಹಾಕಿ ತೋರಿಸಿದ್ದು ಲೋಕಕ್ಕೆಲ್ಲ ಸುದ್ದಿಯಾಯಿತು. ಐಸ್‌ಲೆಂಡ್‌ನಲ್ಲಿ ಕಾಡ್ ಮೀನಿನ ಚರ್ಮದಿಂದ ಕೋಶಗಳನ್ನು ತೆಗೆದು ಬರೀ ಹಂದರ ಉಳಿಸಿ ಮಾರುತ್ತಾರೆ. ತಣ್ಣೀರಿನ ಮೀನಿನಿಂದ ಮನುಷ್ಯನಿಗೆ ವೈರಸ್ ಹರಡುವ ಭಯ ಕಡಿಮೆ. ಹಾಗಾಗಿ ಅದನ್ನು ಹೆಚ್ಚು ರಾಸಾಯನಿಕದಲ್ಲಿ ಅದ್ದಬೇಕಿಲ್ಲ, ಅದರ ಒಮೆಗಾ-3 ಕೊಬ್ಬು ಉಳಿಯುತ್ತದೆ. ಹಂದಿ, ದನದ ವಸ್ತು ಬೇಡ ಅನ್ನುವವರಿಗೂ ಇದು ಒಂದು ದಾರಿ. ಮೀನು ಆಗದವರಿಗೆ ಮಾತ್ರ ಇದು ಬೇಡ.

ಆಮ್ನಿಯಾನ್ ಪೊರೆ ಅಂದರೆ ಹೆರಿಗೆಯಲ್ಲಿ ಮಾಸಿನ ಜೊತೆ ಬರುವ, ಮಗುವನ್ನು ಸುತ್ತಿದ್ದ ಒಳಪೊರೆ. ಗಾಯಕ್ಕೆ ಇದನ್ನು ಬಳಸುವುದು ಹೊಸದೇನಲ್ಲ. 1910ರಲ್ಲೇ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಿಂದ ಇದರ ವರದಿ ಬಂದಿತ್ತು. ದೇಹ ಇದನ್ನು ಅಷ್ಟಾಗಿ ತಿರಸ್ಕರಿಸುವುದಿಲ್ಲ, ನೋವು ಇಳಿಸುತ್ತದೆ. ಕೋಶ ಬೆಳೆಯಲು ಪ್ರಚೋದಿಸುವ ಅಂಶಗಳೂ ಇದರಲ್ಲಿವೆ. ಒಣಗಿಸಿದ್ದನ್ನು ಕಪಾಟಿನಲ್ಲಿ ಇಡಬಹುದು. ಒಂದು ಸಲ ಹಾಕಿದರೆ ಮುಗಿಯಿತು ಅಂದುಕೊಳ್ಳಬೇಡಿ, ಹಳೆಯ ಹುಣ್ಣಿಗೆ ಸಾಮಾನ್ಯವಾಗಿ ಹಲವು ಸಲ ಹಾಕಬೇಕಾಗುತ್ತದೆ.

ಕೊಲಾಜನ್ ಶೀಟು ಇವೆಲ್ಲಕ್ಕಿಂತ ಸರಳ, ಹೆಚ್ಚು ಕಡೆ ಸಿಗುವುದೂ ಇದೇ. ಕೊಲಾಜನ್ ಅಂದರೆ ಚರ್ಮಕ್ಕೆ ಗಟ್ಟಿತನ ಕೊಡುವ ಪ್ರೋಟೀನು, ಇಲ್ಲಿ ಬಹುತೇಕ ದನದ್ದು ಅಥವಾ ಹಂದಿಯದು. ಮಕ್ಕಳ ಮೇಲೆ ಬಿಸಿನೀರು ಚೆಲ್ಲಿದ ಮೇಲ್ಮೈ ಗಾಯಕ್ಕೆ ಮೊದಲ ದಿನವೇ ತೊಳೆದು ಹಾಕಿದರೆ ಪದೇ ಪದೇ ಡ್ರೆಸ್ಸಿಂಗ್ ಬಿಚ್ಚುವ ಯಾತನೆ ತಪ್ಪುತ್ತದೆ. ಕೆಳಗೆ ಚರ್ಮ ಬಂದಂತೆ ಅಂಚಿನಿಂದ ತಾನೇ ಸುರುಳಿಯಾಗಿ ಏಳುತ್ತದೆ. ಕೊಳೆಯಾದ, ಹಳೆಯದಾದ ಗಾಯಕ್ಕೆ ಹಾಕಿದರೆ ಕೆಳಗೆ ಕೀವು ನಿಲ್ಲುತ್ತದೆ.

ಒಳಚರ್ಮದ ಹಂದರ

ಮೇಲಿನವೆಲ್ಲ ಕಾಯುವವು. ಇದು ಕಟ್ಟುವುದು. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಸರ್ಜನ್ ಜಾನ್ ಬರ್ಕ್ ಮತ್ತು ಎಂಐಟಿಯ ಇಯೊನಿಸ್ ಯಾನಸ್ ಸೇರಿ ಇಂಥದ್ದೊಂದನ್ನು ರೂಪಿಸಿದರು. ಅದೇ ಮುಂದೆ ಇಂಟೆಗ್ರಾ ಹೆಸರಿನಲ್ಲಿ ಬಂತು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1996ರಲ್ಲಿ ಒಪ್ಪಿಗೆ ಕೊಟ್ಟಿತು. ದನದ ಕೊಲಾಜನ್ ಮತ್ತು ಶಾರ್ಕ್ ಮೀನಿನಿಂದ ತೆಗೆದ ಒಂದು ಸಕ್ಕರೆ ಜಾತಿಯ ವಸ್ತು ಸೇರಿಸಿ ಮಾಡಿದ ಸ್ಪಂಜು, ಅದರ ಮೇಲೆ ಸಿಲಿಕೋನ್ ಹಾಳೆ. ಗಾಯದ ಮೇಲೆ ಇಟ್ಟರೆ ಎರಡು ಮೂರು ವಾರದಲ್ಲಿ ನಿಮ್ಮದೇ ಕೋಶ, ರಕ್ತನಾಳಗಳು ಸ್ಪಂಜಿನೊಳಗೆ ಹಬ್ಬುತ್ತವೆ. ಅವರೆಬಳ್ಳಿಗೆ ಚಪ್ಪರ ಹಾಕಿಕೊಟ್ಟ ಹಾಗೆ. ಆಮೇಲೆ ಸಿಲಿಕೋನ್ ತೆಗೆದು ತೀರಾ ತೆಳುವಾದ ಸ್ವಂತ ಚರ್ಮ ಹೊದಿಸುತ್ತಾರೆ.

ಇದರ ಬಲ ಎಲ್ಲಿ ಅಂದರೆ, ಟೆಂಡನ್ ಅಥವಾ ಮೂಳೆ ಸ್ವಲ್ಪ ಬಯಲಾಗಿದ್ದರೂ ಪಕ್ಕದ ಜೀವಂತ ತಳದಿಂದ ರಕ್ತನಾಳ ಅದರ ಮೇಲೆ ಸೇತುವೆ ಕಟ್ಟಬಲ್ಲವು. ಕತ್ತು, ಕಂಕುಳು, ಮೊಣಕೈ ಮಡಿಕೆಯಲ್ಲಿ ಬರೀ ತೆಳು ಗ್ರಾಫ್ಟಿಗಿಂತ ಮೆತ್ತಗಿನ ಚರ್ಮ ಸಿಗುತ್ತದೆ. ಬೆಲೆ ತೆರಬೇಕಾದ್ದು ಎರಡು ಆಪರೇಷನ್, ನಡುವೆ ಎರಡು ಮೂರು ವಾರದ ಆತಂಕ. ಆ ದಿನಗಳಲ್ಲಿ ಸಿಲಿಕೋನ್ ಕೆಳಗೆ ಸೋಂಕು ಸೇರಿದರೆ ಎಲ್ಲವೂ ಹೋಗುತ್ತದೆ. ಕೊಲಾಜನ್ ಜೊತೆ, ಹಿಗ್ಗುವ ಗುಣ ಕೊಡುವ ಎಲಾಸ್ಟಿನ್ ಸೇರಿಸಿದ ಮ್ಯಾಟ್ರಿಡರ್ಮ್ ಅನ್ನುವ ಇನ್ನೊಂದು ಹಂದರದ ತೆಳು ಹಾಳೆಯ ಮೇಲೆ ಅದೇ ಆಪರೇಷನ್ನಿನಲ್ಲಿ ಗ್ರಾಫ್ಟ್ ಹಾಕಬಹುದು. ಎರಡನೇ ಸಲ ಅನಸ್ತೇಷಿಯಾ ತಡೆಯಲಾರದವರಿಗೆ ಇದನ್ನೇ ಕೇಳಿ ನೋಡಿ.

ಜೀವಂತ ಕೋಶ ಇರುವವು

ಸುದ್ದಿ ಮಾಡುವುದು ಇವೇ. 1975ರಲ್ಲಿ ಹೊವರ್ಡ್ ಗ್ರೀನ್ ಮತ್ತು ಜೇಮ್ಸ್ ರೈನ್‌ವಾಲ್ಡ್ ಹೊರಚರ್ಮದ ಕೋಶಗಳನ್ನು ಲ್ಯಾಬಿನಲ್ಲಿ ಹೇರಳವಾಗಿ ಬೆಳೆಸುವ ದಾರಿ ತೋರಿಸಿದರು. ಅಂಚೆಚೀಟಿಯಷ್ಟು ಚರ್ಮ ತೆಗೆದು ಸುಮಾರು ಮೂರು ವಾರದಲ್ಲಿ ಮೈತುಂಬ ಹೊದಿಸುವಷ್ಟು ಹಾಳೆ ಬೆಳೆಸಬಹುದು. ನಿಮ್ಮದೇ ಕೋಶವಾದ್ದರಿಂದ ಉಳಿಯುತ್ತದೆ. ಎಪಿಸೆಲ್ ಇಂಥದ್ದು. ಕೇಳಲು ಪವಾಡ. ಕೈಯಲ್ಲಿ ಹಿಡಿದರೆ ಕೆಲವೇ ಕೋಶಗಳಷ್ಟು ದಪ್ಪ, ಒದ್ದೆ ಟಿಶ್ಯೂ ಪೇಪರಿನಂತೆ. ಕೆಳಗೆ ಒಳಚರ್ಮ ಇಲ್ಲದೆ ಬರೀ ಇದನ್ನೇ ಹಾಕಿದರೆ ತಿಂಗಳಾನುಗಟ್ಟಲೆ ಬೊಬ್ಬೆ ಏಳುತ್ತದೆ, ಉಜ್ಜಿದರೆ ಕಿತ್ತುಬರುತ್ತದೆ. ಮೈಯ ಬಹುಪಾಲು ಸುಟ್ಟವರಿಗೆ, ಬೇರೆ ದಾರಿ ಇಲ್ಲದಾಗ ಇದು.

ಕಾಯಲು ಮೂರು ವಾರ ಇಲ್ಲ ಅನ್ನುವವರಿಗೆ ಸಿಂಪಡಿಸುವ ಕೋಶ ಬಂದಿದೆ. ಆಸ್ಟ್ರೇಲಿಯಾದ ಸರ್ಜನ್ ಫಿಯೊನಾ ವುಡ್ ಅವರ ಕೆಲಸದಿಂದ ಬೆಳೆದ ರೀಸೆಲ್‌ನಲ್ಲಿ ಸಣ್ಣ ತುಂಡು ಚರ್ಮದಿಂದ ಕೋಶ ಬಿಡಿಸಿ, ತೆಗೆದದ್ದರ 80 ಪಟ್ಟು ಜಾಗಕ್ಕೆ ಆಪರೇಷನ್ ಕೋಣೆಯಲ್ಲೇ ಸಿಂಪಡಿಸುತ್ತಾರೆ. ಆಳದ ಗಾಯಕ್ಕೆ ಇದೊಂದೇ ಸಾಲದು, ಅಗಲ ಬಲೆಯ ಗ್ರಾಫ್ಟಿನ ಜೊತೆ ಹಾಕಬೇಕು.

ಹಳೆಯ ಹುಣ್ಣಿಗೆ ಬಳಸುವ ಏಪ್ಲಿಗ್ರಾಫ್, ಡರ್ಮಾಗ್ರಾಫ್ಟ್‌ಗಳಲ್ಲಿ ಇರುವುದು ಬೇರೆಯವರ ಕೋಶ. ನವಜಾತ ಗಂಡುಮಕ್ಕಳ ಸುನ್ನತಿಯಲ್ಲಿ ತೆಗೆದ ಚರ್ಮದಿಂದ ಬೆಳೆಸಿದ್ದು. ಇವು ಉಳಿಯುವುದಿಲ್ಲ, ಕೆಲವು ವಾರ ಬದುಕಿದ್ದು ಮೊಂಡುಬಿದ್ದ ಹುಣ್ಣನ್ನು ಎಬ್ಬಿಸುತ್ತವೆ. ಏಪ್ಲಿಗ್ರಾಫ್‌ನ ಪರೀಕ್ಷೆಯಲ್ಲಿ 12 ವಾರಕ್ಕೆ ಸಕ್ಕರೆ ಕಾಯಿಲೆಯ ಪಾದದ ಹುಣ್ಣು ಪೂರ್ತಿ ಮಾಯ್ದದ್ದು ನೂರಕ್ಕೆ 56 ಮಂದಿಗೆ, ಮಾಮೂಲಿ ಆರೈಕೆ ಪಡೆದವರಲ್ಲಿ 38 ಮಂದಿಗೆ. ಡರ್ಮಾಗ್ರಾಫ್ಟ್‌ನಲ್ಲಿ 30 ಮತ್ತು 18. ಈ ಅಂಕಿ ನೋಡಿ ಮೊದಲನೆಯದೇ ಮೇಲು ಅಂದುಬಿಡಬೇಡಿ. ಎರಡೂ ಬೇರೆ ಬೇರೆ ರೋಗಿಗಳ ಮೇಲೆ ನಡೆದ ಪರೀಕ್ಷೆ. ಒಂದರ ಮಾಮೂಲಿ ಆರೈಕೆಯೇ ಇನ್ನೊಂದರ ದುಬಾರಿ ಹೊದಿಕೆಗಿಂತ ಮುಂದಿದೆ, ಗಮನಿಸಿದಿರಾ? ಇಂಥ ಪರೀಕ್ಷೆಗಳಲ್ಲಿ ಹೆಚ್ಚಿನವಕ್ಕೆ ಹಣ ಹಾಕುವವರು ತಯಾರಕರೇ ಅನ್ನುವುದೂ ನೆನಪಿರಲಿ.

ಹಾಗಾದರೆ ಯಾವ ಗಾಯಕ್ಕೆ ಯಾವುದು?

ಮೇಲ್ಮೈಯ, ಹೊಸ, ಶುದ್ಧ ಸುಟ್ಟ ಗಾಯವಾದರೆ ಕೊಲಾಜನ್, ಆಮ್ನಿಯಾನ್, ಮೀನು, ಹಂದಿ, ಯಾವುದು ಸಿಕ್ಕಿದರೂ ಆದೀತು. ಇಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಆಳದ, ಸಣ್ಣ ಸುಟ್ಟ ಗಾಯಕ್ಕೆ ಸತ್ತ ಚರ್ಮ ಬೇಗ ಕತ್ತರಿಸಿ ಸ್ವಂತ ಗ್ರಾಫ್ಟ್. ಆಳದ, ದೊಡ್ಡ ಗಾಯಕ್ಕೆ ದಾನದ ಚರ್ಮ ಕಾವಲಿಗಿರಲಿ, ಸ್ವಂತದ್ದು ಕಂತು ಕಂತಾಗಿ ಬರಲಿ.

ಪಾದದ ಹುಣ್ಣಿಗೆ 4 ವಾರದ ಒರೆಗಲ್ಲು ದಾಟದಿದ್ದರೆ ಆಮ್ನಿಯಾನ್, ಮೀನಿನ ಚರ್ಮ, ಜೀವಂತ ಕೋಶದ ಹಾಳೆ ಮೂರೂ ಪೈಪೋಟಿಯಲ್ಲಿವೆ. ನನ್ನ ಆಯ್ಕೆ ಸುಲಭವಾಗಿ ಸಿಗುವುದರ ಕಡೆಗೆ, ಕಪಾಟಿನಲ್ಲಿಡಬಹುದಾದದ್ದರ ಕಡೆಗೆ. ಜೀವಂತ ಹಾಳೆ ಕೆಲವೇ ದಿನ ಬಾಳುತ್ತದೆ ಅಥವಾ ಅತಿ ತಣ್ಣಗಿನ ಫ್ರೀಜರ್ ಬೇಡುತ್ತದೆ. ರೋಗಿ ಆ ದಿನ ಬರಲಾಗದಿದ್ದರೆ ಅದು ಕಸದ ಬುಟ್ಟಿಗೆ. ಟೆಂಡನ್ ಕಾಣುತ್ತಿದ್ದರೆ, ಕೀಲಿನ ಮೇಲಿದ್ದರೆ ಹಂದರ. ಅಗಲವಾಗಿ ಮೂಳೆ ಬಯಲಾಗಿದ್ದರೆ ಇವು ಯಾವುವೂ ಬೇಡ, ರಕ್ತನಾಳ ಸಮೇತ ಮಾಂಸ ತಿರುಗಿಸಿ ಮುಚ್ಚುವ ಫ್ಲ್ಯಾಪ್ ಆಪರೇಷನ್ ಬಗ್ಗೆ ಪ್ಲಾಸ್ಟಿಕ್ ಸರ್ಜನ್ ಜೊತೆ ಮಾತಾಡಿ. ಮಾಯದ ಹುಣ್ಣಿನ ಅಂಚು ದಪ್ಪಗೆ ಉಬ್ಬಿ ಬೆಳೆಯುತ್ತಿದ್ದರೆ ಮುಚ್ಚುವ ಮೊದಲು ತುಂಡು ತೆಗೆದು ಕ್ಯಾನ್ಸರ್ ಪರೀಕ್ಷೆ ಆಗಲೇಬೇಕು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಯಾವ ಪ್ರಾಣಿಯ ವಸ್ತು ಅಂತ ಕೇಳಿ. ಅಲರ್ಜಿಗೂ ಬೇಕು, ನಂಬಿಕೆಗೂ ಬೇಕು. ಒಟ್ಟು ಎಷ್ಟು ಸಲ ಹಾಕಬೇಕು, ಫಲ ಕಾಣದಿದ್ದರೆ ಎಷ್ಟನೆಯದಕ್ಕೆ ನಿಲ್ಲಿಸುತ್ತೀರಿ ಅಂತಲೂ ಕೇಳಿ. ಈ ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಬರದಿದ್ದರೆ ಇನ್ನೊಬ್ಬ ವೈದ್ಯರಿಗೂ ತೋರಿಸಿ.

ಹಾಕಿದ ಮೇಲೆ ಒಂದು ಎಚ್ಚರ. ಆಮ್ನಿಯಾನ್, ಕೊಲಾಜನ್, ಜೀವಂತ ಹಾಳೆಗಳು ಕೆಲವು ದಿನದಲ್ಲಿ ಹಳದಿ ಲೋಳೆಯಂತಾಗುತ್ತವೆ. ನೋಡಿದವರಿಗೆ ಕೀವು ಅನ್ನಿಸುತ್ತದೆ. ಮನೆಯವರೋ, ಹೊಸದಾಗಿ ಬಂದ ನರ್ಸೋ ಅದನ್ನು ಚೆನ್ನಾಗಿ ಉಜ್ಜಿ ತೊಳೆದುಬಿಟ್ಟರೆ ಹಾಕಿದ್ದೆಲ್ಲ ನೀರಿನ ಪಾಲು. ಜ್ವರ, ಹೆಚ್ಚುತ್ತಿರುವ ನೋವು, ಸುತ್ತ ಹರಡುವ ಕೆಂಪು, ಕೆಟ್ಟ ವಾಸನೆ ಇದ್ದರೆ ಅದು ಸೋಂಕು, ಅದೇ ದಿನ ವೈದ್ಯರಿಗೆ ತೋರಿಸಿ. ಇವ್ಯಾವೂ ಇಲ್ಲದಿದ್ದರೆ ಒಳಗಿನ ಪದರವನ್ನು ಮುಟ್ಟಬೇಡಿ. ಯಾವ ದಿನ ಏನು ಹಾಕಿದ್ದು, ಯಾವ ದಿನ ಬಿಚ್ಚಬೇಕು ಅನ್ನುವುದನ್ನು ಡ್ರೆಸ್ಸಿಂಗಿನ ಮೇಲೆಯೇ ಪೆನ್ನಿನಲ್ಲಿ ಬರೆಸಿಕೊಳ್ಳಿ.